ಬೀರಮ್ಮನ ನಾಲ್ಕು ಚಿಪ್ಪುಗಳು

ನದಿ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ ಒಂದು ಆಶ್ರಮ. ಗುರುಗಳು ನಾಲ್ಕು ತಿಂಗಳ ಯಾತ್ರೆ ಮುಗಿಸಿ ಮರಳಿದಾಗ ದೇವರ ದೀಪದ ಮುಂದೆ ನಾಲ್ಕು ಬಳಚಿನ ಕಪ್ಪೆಚಿಪ್ಪುಗಳು ಸಾಲಾಗಿದ್ದವು.

“ಇವು ಯಾರವು?”

“ಅಳಿವೆಯಲ್ಲಿ ಬಳಚು ಆಯುವ ಬೀರಮ್ಮನವು, ಗುರುಗಳೇ,” ಎಂದಳು ಶಿಷ್ಯೆ ಚಿತ್ಕಲಾ. “ಅವಳ ಎದೆಯಲ್ಲಿ ಗಂಟಾಗಿತ್ತು. ನಾನು ಔಷಧಿ ಕೊಟ್ಟೆ. ತಿಂಗಳಿಗೊಂದು ಕಾಣಿಕೆ ತಂದಿಡುತ್ತಾಳೆ.”

“ಯಾವ ಔಷಧಿ?”

“ಸಮುದ್ರದ ಬಂಡೆಗೆ ಅಂಟಿರುವ ಸ್ಪಂಜು ಎಂಬ ಜೀವಿಯನ್ನು ಅರೆದ ಲೇಪ. ಅದರ ಸಾರ ಪ್ರಯೋಗಾಲಯದ ಗಾಜಿನ ಬಟ್ಟಲಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದಿತೆಂದು ಓದಿದ್ದೆ.”

“ಬಟ್ಟಲಿಗೆ ಕುದಿನೀರು ಸುರಿದರೂ ಅವು ಸಾಯುತ್ತವೆ. ಅವಳ ಎದೆಗೆ ಕುದಿನೀರು ಸುರಿಯುತ್ತೀಯಾ?”

“ಆದರೆ ಸ್ಪಂಜಿನಿಂದ ನಿಜವಾಗಿಯೂ ಔಷಧಿ ಬಂದಿದೆಯಲ್ಲ?”

“ಬಂದಿದೆ. ಅದಕ್ಕಾಗಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸೋಸಿದರು, ಅಳೆದರು, ಪರೀಕ್ಷಿಸಿದರು. ನೀನು ಒಂದು ಮಧ್ಯಾಹ್ನ ಒರಳಲ್ಲಿ ಅರೆದೆ. ಆಸ್ಪತ್ರೆಗೆ ಕಳಿಸಿದೆಯಾ?”

“ಬೇಡ ಎಂದೆ. ಸಮುದ್ರತಾಯಿ ಕೈಬಿಡುವುದಿಲ್ಲ ಎಂದೆ.”

ಗುರುಗಳಿಗೆ ಮೈಯೆಲ್ಲ ಉರಿಯಿತು. ಉರಿಯಬೇಕಾದದ್ದೇ. ಒರಳಿನ ಗುಂಡುಕಲ್ಲನ್ನು ಎತ್ತಿ ಅಂಗಳಕ್ಕೆ ಎಸೆದರು.

“ಮೊದಲ ದಿನ ಅವಳು ಏನೆಂದಳು? ಅವಳ ಮಾತಲ್ಲೇ ಹೇಳು.”

“ನಾಚಿಕೆಯಿಂದ ತಲೆಯೇ ಎತ್ತಲಿಲ್ಲ. ಬುಟ್ಟಿಯಿಂದ ಒಂದು ಚಿಪ್ಪು ಆರಿಸಿ ನನ್ನ ಕೈಗಿಟ್ಟು, ‘ಗಂಟು ಇಷ್ಟೇ ಅದೆ, ಅಮ್ಮಾ’ ಅಂದಳು.”

“ಆಮೇಲೆ?”

“ಆಮೇಲೆ ಮಾತಿಲ್ಲ. ಚಿಪ್ಪು ಇಟ್ಟು ನನ್ನ ಮುಖ ನೋಡುತ್ತ ನಿಲ್ಲುತ್ತಿದ್ದಳು. ನಾನು ಹರಸಿ ಕಳಿಸುತ್ತಿದ್ದೆ.”

ಗುರುಗಳು ಒಂದೊಂದೇ ಚಿಪ್ಪನ್ನು ಚಿತ್ಕಲಾಳ ಅಂಗೈಯಲ್ಲಿ ಇಟ್ಟು ತೆಗೆದರು. ಮೊದಲನೆಯದು ಹೆಬ್ಬೆರಳಿನ ಉಗುರಿನಷ್ಟು. ಎರಡನೆಯದು ಅದಕ್ಕಿಂತ ದೊಡ್ಡದು. ಮೂರನೆಯದು ಇನ್ನೂ ದೊಡ್ಡದು. ನಾಲ್ಕನೆಯದು ಅರ್ಧ ಅಂಗೈ ತುಂಬಿತು.

ಚಿತ್ಕಲಾ ಕುಸಿದು ಕೂತಳು.

“ಏಳು! ಅಳುವುದಿದ್ದರೆ ದೋಣಿಯಲ್ಲಿ ಅಳು. ಬೀರಮ್ಮನನ್ನು ಕರೆದುಕೊಂಡು ಈಗಲೇ ಆಸ್ಪತ್ರೆಗೆ ನಡೆ. ತಡವಾದದ್ದು ಯಾರಿಂದ ಎಂದು ಡಾಕ್ಟರ ಮುಂದೆ ನಿನ್ನ ಬಾಯಿಂದಲೇ ಹೇಳು.”

ಬಾಗಿಲ ಬಳಿ ಅವಳು ತಿರುಗಿದಳು. “ಸಮುದ್ರ ನನಗೇಕೆ ಹೀಗೆ ಮೋಸ ಮಾಡಿತು, ಗುರುಗಳೇ?”

ಗುರುಗಳು ನಾಲ್ಕೂ ಚಿಪ್ಪುಗಳನ್ನು ಅವಳ ಸೆರಗಿಗೆ ಸುರಿದರು.

“ಸಮುದ್ರ ನಿನ್ನ ಹತ್ತಿರ ಮಾತೇ ಆಡಿರಲಿಲ್ಲ. ಮಾತಾಡಿದವಳು ಬೀರಮ್ಮ. ನಾಲ್ಕು ಸಲ.”