ಗೊನೆಯೊಳಗಿನ ಒಂದು ಬೀಜ

ಆ ಬೆಟ್ಟದ ಆಶ್ರಮದಲ್ಲಿ ಚಳಿಯೆಂದರೆ ಚಳಿ. ಮಾಗಿಯಲ್ಲಿ ಬೆಳಗಾದರೆ ಹುಲ್ಲಿನ ಮೇಲೆ ಬಿಳಿ ಹಿಮ ಕೂತಿರುತ್ತಿತ್ತು. ಅಂಗಳದಲ್ಲಿ ಬಾಳೆ ನೆಟ್ಟರೆ ಒಂದೇ ಮಾಗಿಗೆ ಸುಟ್ಟ ಹಾಗೆ ಕಪ್ಪಾಗುತ್ತಿತ್ತು.

ಕೆಳಗಿನ ಊರುಗಳ ಜನ ಏದುಸಿರು ಬಿಡುತ್ತಾ ಗುರುಗಳನ್ನು ನೋಡಲು ಹತ್ತಿ ಬರುತ್ತಿದ್ದರು. ಒಮ್ಮೆ ಗುರುಗಳು, "ಬಂದವರ ಕೈಗೆ ಒಂದೊಂದು ಬಾಳೆಹಣ್ಣು ಕೊಡುವಂತಿದ್ದರೆ ಚೆನ್ನಾಗಿತ್ತು," ಎಂದರು. ಹೇಳಿದ್ದು ಅಷ್ಟೇ. ಶಿಷ್ಯ ಭದ್ರಯ್ಯ ಅದನ್ನು ತಲೆಗೆ ಹಚ್ಚಿಕೊಂಡ.

ಬೆಟ್ಟದ ಹಿಂಬದಿಯಲ್ಲಿ ಕಾಡುಬಾಳೆ ಇತ್ತು. ಎಂಥ ಹಿಮಕ್ಕೂ ಅದು ಜಗ್ಗುತ್ತಿರಲಿಲ್ಲ. ಆದರೆ ಹಣ್ಣಿನ ತುಂಬ ಬರೀ ಬೀಜ, ತಿರುಳು ನಾಲಿಗೆಗೆ ಸವರಲೂ ಸಾಲದು. ಊರಬಾಳೆಯೋ ಸಿಹಿ, ಬೀಜದ ಕಾಟವಿಲ್ಲ, ಚಳಿ ಮಾತ್ರ ತಡೆಯದು.

"ಎರಡನ್ನೂ ಕೂಡಿಸಿ ಒಂದು ಹೊಸ ಬಾಳೆ ಮಾಡ್ತೀನಿ ಗುರುಗಳೇ," ಎಂದ ಭದ್ರಯ್ಯ.

"ಮಾಡು," ಎಂದರು ಗುರುಗಳು.

ಅಡುಗೆಮನೆಯ ಗೋಡೆಗೆ ಒಲೆಯ ಬಿಸಿ ತಾಗುತ್ತಿತ್ತು. ಅದರ ಹೊರಬದಿಗೆ ಒಂದು ಊರಬಾಳೆ ನೆಟ್ಟ. ಚಳಿಗೆ ಗೋಣಿತಾಟು ಸುತ್ತಿದ. ಮೂರನೆಯ ಮಾಗಿ ದಾಟಿದ ಮೇಲೆ ಅದು ಹೂ ಬಿಟ್ಟಿತು. ಬೆಳಗಾಗುತ್ತಲೇ ಕಾಡುಬಾಳೆಯ ಪರಾಗ ತಂದು ಆ ಹೂಗಳಿಗೆ ಸವರಿದ. ಜಪ ತಪ್ಪಿದರೂ ಇದು ತಪ್ಪಲಿಲ್ಲ. ಗುರುಗಳು ನೋಡಿಯೂ ನೋಡದಂತಿದ್ದರು.

ಗೊನೆ ಬಲಿತು, ಅಡುಗೆಮನೆಯಲ್ಲಿ ಹಣ್ಣಾಯಿತು. ಹೀಗೆ ಕೂಡಿಸಿದ ಗೊನೆಯಲ್ಲಿ ಪುಣ್ಯವಿದ್ದರೆ ಒಂದು ಬೀಜ ಸಿಕ್ಕೀತು, ಇಲ್ಲದಿದ್ದರೆ ಅದೂ ಇಲ್ಲ. ಆ ಬೀಜದಿಂದ ಹುಟ್ಟುವುದೇ ಅವನ ಹೊಸ ಬಾಳೆ. ಭದ್ರಯ್ಯ ಚಾಕು ಮಸೆದು, ಒಂದೊಂದೇ ಹಣ್ಣನ್ನು ತೆಳ್ಳಗೆ ಹೆಚ್ಚಿ ಹುಡುಕಲು ಕೂತ.

ಅದೇ ಹೊತ್ತಿಗೆ ಹೊರಗೆ ಗದ್ದಲ. ಜನ ಹತ್ತಿ ಬಂದಿದ್ದರು. ಜಡಿಮಳೆಗೆ ಸಿಕ್ಕಿ ತೊಯ್ದು ನಡುಗುತ್ತಿದ್ದರು, ಮಕ್ಕಳು ಹಸಿವೆಂದು ಅಳುತ್ತಿದ್ದವು.

ಗುರುಗಳು ಒಳಗೆ ಬಂದು, "ಗೊನೆ ತಾ," ಎಂದರು.

ಭದ್ರಯ್ಯ ಗೊನೆಯನ್ನು ತಬ್ಬಿಕೊಂಡ. "ಇದರಲ್ಲಿ ಬೀಜ ಇರಬಹುದು ಗುರುಗಳೇ. ಯಾರಾದರೂ ನುಂಗಿಬಿಟ್ಟರೆ ಇಷ್ಟು ವರ್ಷದ ಕೆಲಸ ಮಣ್ಣುಪಾಲು. ಸ್ವಲ್ಪ ತಡೀರಿ, ಗಂಜಿಗೆ ಇಡ್ತೀನಿ."

"ಹಣ್ಣು ಯಾರಿಗೆ ಅಂತ ಶುರು ಮಾಡಿದೆ?"

"ಬೆಟ್ಟ ಹತ್ತಿ ಬರೋರಿಗೆ."

"ಹತ್ತಿ ಬಂದಿದ್ದಾರೆ."

ಭದ್ರಯ್ಯ ಗೊನೆ ಹೊತ್ತು ತಂದ. ಅವನ ಕಣ್ಣಲ್ಲಿ ನೀರಿತ್ತು. ಹೊಗೆಯೆಂದು ಹೇಳಿಕೊಳ್ಳೋಣವೆಂದರೆ ಒಲೆ ಇನ್ನೂ ಹಚ್ಚಿರಲಿಲ್ಲ.

ಗುರುಗಳು ತಾವೇ ಹಂಚಿದರು. "ನಿಧಾನವಾಗಿ ತಿನ್ನಿರಪ್ಪ. ಯಾರಿಗಾದರೂ ಬೀಜ ಸಿಕ್ಕರೆ ಇವನಿಗೆ ಕೊಡಿ."

ಜಗಲಿಯಲ್ಲಿ ಮಾತೇ ನಿಂತಿತು. ಮಕ್ಕಳೂ ಅಳು ಮರೆತು, ಬೀಜ ತಮಗೇ ಸಿಗಲೆಂದು ಮೆಲ್ಲಗೆ ಅಗಿಯತೊಡಗಿದವು. ಬಾಳೆಹಣ್ಣನ್ನು ಅಷ್ಟು ಗಮನವಿಟ್ಟು ತಿಂದವರನ್ನು ಆ ಬೆಟ್ಟ ನೋಡಿರಲಿಲ್ಲ.

ಗುರುಗಳು ಭದ್ರಯ್ಯನ ಕೈಗೂ ಒಂದು ಹಣ್ಣಿಟ್ಟರು. ಅವನು ಅದನ್ನು ಗುಟ್ಟಾಗಿ ಪಂಚೆಯ ಮಡಿಕೆಗೆ ಸೇರಿಸಿದ. ಅದೊಂದನ್ನಾದರೂ ಹೆಚ್ಚಿ ನೋಡಬಹುದಲ್ಲ ಎಂದು ಅವನ ಆಸೆ. ಆಮೇಲೆ ಒಬ್ಬೊಬ್ಬರ ಬಾಯನ್ನೇ ನೋಡುತ್ತಾ ನಿಂತ.

ಒಬ್ಬೊಬ್ಬರಾಗಿ ತಲೆ ಅಲ್ಲಾಡಿಸಿದರು. ಯಾರಿಗೂ ಸಿಕ್ಕಿರಲಿಲ್ಲ.

ಮೂಲೆಯಲ್ಲಿ ಕೆಂಚವ್ವ ಎಂಬ ಮುದುಕಿ ಮಾತ್ರ ಇನ್ನೂ ಬಾಯಾಡಿಸುತ್ತಿದ್ದಳು.

"ಏನೋ ಸಿಕ್ತು ಬುದ್ಧೀ," ಎಂದಳು. "ನಂಗೆ ಹಲ್ಲಿಲ್ವಲ್ಲ, ಕಡಿಯಾಕಾಗ್ನಿಲ್ಲ. ಇದೇನಾ ನೋಡಿ."

ಅವಳ ಅಂಗೈಯಲ್ಲಿ ಮೆಣಸಿನ ಕಾಳಿನಷ್ಟು ಒಂದು ಕಪ್ಪು ಬೀಜ. ಸಿಪ್ಪೆ ಇನ್ನೂ ಎಳಸು. ಹಲ್ಲಿಗೆ ಸಿಕ್ಕಿದ್ದರೆ ಒಡೆಯುತ್ತಿತ್ತು, ಚಾಕುವಿಗೆ ಸಿಕ್ಕಿದ್ದರೂ ಹೋಳಾಗುತ್ತಿತ್ತು.

ಭದ್ರಯ್ಯ ಅವಳ ಕಾಲು ಹಿಡಿದುಬಿಟ್ಟ.

"ಅಯ್ಯೋ, ಏಳಪ್ಪ! ಹೊಟ್ಟೆಗೆ ಕೊಟ್ಟೋನು ನೀನು, ನನ್ನ ಕಾಲಿಗ್ಯಾಕೆ ಬೀಳ್ತೀಯಾ?" ಎಂದು ಕೆಂಚವ್ವ ನಕ್ಕಳು.

ಸಂಜೆ ಮಳೆ ಬಿಟ್ಟು, ಜನ ಬೆಟ್ಟ ಇಳಿದರು. ಭದ್ರಯ್ಯ ಜರಡಿ ಹಿಡಿದ ಮಣ್ಣಿನಲ್ಲಿ ಬೀಜವಿಟ್ಟು, ಕುಂಡವನ್ನು ಒಲೆಯ ಗೋಡೆಗೆ ಒರಗಿಸಿದ. ಸಂತೋಷದಲ್ಲಿ ಎರಡು ಸಲ ನೀರು ಹಾಕಹೋಗಿ ತಡೆದುಕೊಂಡ. ಆದರೂ ಒಂದು ಯೋಚನೆ ಅವನನ್ನು ಬಿಡಲಿಲ್ಲ. ಗುರುಗಳ ಬಳಿ ಬಂದು ಕೂತ.

"ಗುರುಗಳೇ, ಬೀಜ ಕಳೆದೇ ಹೋಗಿದ್ದರೆ?"

"ಹಣ್ಣು ಹೇಗಿತ್ತು?" ಎಂದು ಕೇಳಿದರು ಗುರುಗಳು.

ಭದ್ರಯ್ಯನಿಗೆ ಆಗ ನೆನಪಾಯಿತು. ಪಂಚೆಯ ಮಡಿಕೆಗೆ ಕೈಹಾಕಿದ. ಹಣ್ಣು ನುಜ್ಜುಗುಜ್ಜಾಗಿ ಪಂಚೆಗೆಲ್ಲ ಮೆತ್ತಿಕೊಂಡಿತ್ತು.

"ನಾನು ತಿನ್ನಲೇ ಇಲ್ಲ ಗುರುಗಳೇ."

"ಹಾಗಾದರೆ ಇವತ್ತು ಕಳೆದುಹೋದದ್ದು ಅದೊಂದೇ ಹಣ್ಣು."