ಗರಿಕೆ ಅಂಗಳದ ಕೆಂಪು ಕೋಳಿ

ಹೊಳೆದಂಡೆಯ ಆಶ್ರಮಕ್ಕೆ ಬಂದ ದಿನವೇ ಕಾಳಿಂಗ ಎದೆ ತಟ್ಟಿಕೊಂಡು ಹೇಳಿದ್ದ. ತಾನು ಮಣ್ಣಲ್ಲೇ ಹುಟ್ಟಿ ಮಣ್ಣಲ್ಲೇ ಬೆಳೆದವನು, ತನ್ನ ಕೈ ತಗುಲಿದರೆ ಬಂಡೆಯೂ ಚಿಗುರುತ್ತದೆ ಅಂತ.

ಗುರು ಮುದ್ದಯ್ಯನವರು ನಕ್ಕರು. ಮುಂದಿನ ಗರಿಕೆ ಅಂಗಳವನ್ನೂ ಅದರಾಚೆಯ ತರಕಾರಿ ಪಾತಿಗಳನ್ನೂ ಅವನಿಗೇ ಒಪ್ಪಿಸಿದರು. ಮಳೆಗಾಲ ಕಳೆಯುವ ಹೊತ್ತಿಗೆ ಎರಡೂ ಹಸಿರಾಗಿದ್ದರೆ ಅವನು ಶಿಷ್ಯನಾಗಿ ಉಳಿಯಬಹುದು. ಇಲ್ಲದಿದ್ದರೆ ಊರಿನ ದಾರಿ.

ಕಾಳಿಂಗನಿಗೆ ಹೋಗುವ ಮನಸ್ಸಿರಲಿಲ್ಲ. ಊರಲ್ಲಿ ಕೊಚ್ಚಿಕೊಂಡು ಬಂದ ಜಂಬ ಒಂದು ಕಡೆ ಇರಲಿ. ಮುದ್ದಯ್ಯನವರು ಬೆಳಗಿನ ಹೊತ್ತು ಹೊಳೆಯ ಮುಂದೆ ತಮ್ಮನ್ನೇ ಮರೆತು ಕೂರುತ್ತಿದ್ದ ಪರಿಯನ್ನು ಅವನು ಒಮ್ಮೆ ನೋಡಿಬಿಟ್ಟಿದ್ದ. ಹಾಗೆ ಕೂರುವುದನ್ನು ಕಲಿಯದೆ ಎಲ್ಲಿಗೂ ಹೋಗುವುದಿಲ್ಲ ಅಂತ ಮನಸ್ಸಲ್ಲೇ ಹಟ ಹಿಡಿದಿದ್ದ.

ಆದರೆ ಗರಿಕೆ ಹಳದಿಯಾಯಿತು.

ನೀರು ಹೊಯ್ದ. ಇನ್ನಷ್ಟು ಹಳದಿಯಾಯಿತು. ಒಂದು ಹಿಡಿ ಕಿತ್ತು ನೋಡಿದರೆ ಹುಲ್ಲು ಬೇರಿಲ್ಲದೆ ಕಂಬಳಿಯಂತೆ ಮೇಲೆದ್ದು ಬಂತು. ಅಡಿಯಲ್ಲಿ ದಪ್ಪ ದಪ್ಪ ಗೊಣ್ಣೆಹುಳ, ಬೇರು ತಿಂದು ಸುರುಳಿ ಸುತ್ತಿ ಮಲಗಿದ್ದವು.

ಬೂದಿ ಎರಚಿದ, ಬೇವಿನ ಕಷಾಯ ಸುರಿದ, ಗುದ್ದಲಿ ಹಿಡಿದು ಅಂಗಳದ ಅಂಚನ್ನೇ ಅಗೆದು ಹಾಕಿದ. ಅಂಗೈಯಲ್ಲಿ ಬೊಬ್ಬೆ ಎದ್ದವು. ಹುಳ ಜಗ್ಗಲಿಲ್ಲ. ಪಾತಿಯಲ್ಲಿ ಕಳೆ ಮಾತ್ರ ಅವನ ಕಣ್ಣೆದುರೇ ಮೊಣಕಾಲುದ್ದ ಬೆಳೆಯಿತು.

ಒಂದು ಬೆಳಿಗ್ಗೆ ಗುರುಗಳು ಕಂಕುಳಲ್ಲಿ ಒಂದು ಕೆಂಪು ಕೋಳಿ, ಕೈಯಲ್ಲಿ ಮರಿ ತುಂಬಿದ ಮಂಕರಿ ಹಿಡಿದು ಬಂದರು.

ಕಾಳಿಂಗ ಪೆಚ್ಚಾದ. ಅವನ ಊರ ಕಡೆ ಕೋಳಿ ನೆನಪಾಗುತ್ತಿದ್ದುದು ನೆಂಟರು ಬಂದ ದಿನ ಮಾತ್ರ.

"ಬುದ್ಧಿ, ಆಶ್ರಮದಲ್ಲಿ ಸಾರು ಮಾಡೋದಾ?"

"ನಿನಗೆ ಮೇಸ್ತ್ರಿ ಬೇಕಿತ್ತಲ್ಲ, ಕರ್ಕೊಂಡು ಬಂದೆ."

ಕೆಳಗೆ ಬಿಟ್ಟದ್ದೇ ತಡ, ಮೇಸ್ತ್ರಿ ಮರಿಗಳ ಸಮೇತ ನೆಟ್ಟಗೆ ಪಾತಿಗೆ ನುಗ್ಗಿದಳು. ಆಗತಾನೆ ಎರಡೆಲೆ ಬಿಟ್ಟಿದ್ದ ಬೀನ್ಸ್ ಸಸಿಗಳನ್ನು ಕೆದರಿ ಎಸೆದಳು. ಕಾಳಿಂಗ ಬೈಯುತ್ತ ಓಡಿ ಹಿಡಿದು, ಊರಲ್ಲಿ ಎಲ್ಲರೂ ಮಾಡುವಂತೆ ಮಂಕರಿ ಕವುಚಿ ಮೇಲೊಂದು ಕಲ್ಲು ಹೇರಿದ.

ಗುರುಗಳು ಬಂದರು. ಕಲ್ಲು ತೆಗೆದರು. ಕೋಳಿಯನ್ನು ಬಿಟ್ಟು, ಅದೇ ಮಂಕರಿಯನ್ನು ತಂದು ಉಳಿದ ಸಸಿಗಳ ಮೇಲೆ ಕವುಚಿದರು.

"ಬುದ್ಧಿ, ಮಂಕರಿ ಇರೋದು ಕೋಳಿ ಮುಚ್ಚೋಕೆ."

"ಎಳೇದನ್ನ ಮುಚ್ಚು. ದುಡಿಯೋರನ್ನ ಯಾಕೆ ಮುಚ್ತೀಯ? ಇವತ್ತು ಗುದ್ದಲಿ ಮುಟ್ಟಬೇಡ. ಕೂತ್ಕೊಂಡು ನೋಡು."

ಕಾಳಿಂಗ ಮುಖ ಊದಿಸಿಕೊಂಡೇ ಕೂತ.

ಕೋಳಿ ಗರಿಕೆಗೆ ಇಳಿಯಿತು. ಕಾಲಲ್ಲಿ ಪರಪರ ಕೆದರಿತು, ಒಂದು ಹೆಜ್ಜೆ ಹಿಂದೆ ಸರಿಯಿತು, ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ನೆಲ ನೋಡಿತು. ಕುಟುಕಿತು. ಗೊಣ್ಣೆಹುಳ ಮಾಯ. ಮೆಲ್ಲನೆ ಕೊಕ್ಕೊಕ್ ಅಂದಿತು, ಮರಿಗಳು ಓಡಿಬಂದು ಉಳಿದದ್ದನ್ನು ಹೆಕ್ಕಿದವು. ಹಾಗೇ ಕಳೆಯ ಚಿಗುರು ಕಿತ್ತು ತಿಂದಿತು, ಕಳೆಯ ಬೀಜ ತಿಂದಿತು. ಬಿದ್ದ ತರಗೆಲೆ ಅದರ ಕಾಲಡಿ ಪುಡಿಯಾಯಿತು. ಹಿಕ್ಕೆ ಹಾಕಿತು. ಮತ್ತೆ ಕೆದರಿದಾಗ ಹಿಕ್ಕೆ, ಎಲೆ, ಮಣ್ಣು ಒಂದಾದವು.

ಅವನ ಮುಖದ ಗಂಟು ಸಡಿಲಿತು. ಅಗೆತ, ಕಳೆ, ಹುಳ, ಗೊಬ್ಬರ. ಅವನಿಗೆ ಒಂದೊಂದೂ ಒಂದೊಂದು ದಿನದ ದುಡಿಮೆ. ಇದಕ್ಕೆ ಅಷ್ಟೂ ಸೇರಿ ಒಂದು ಊಟ.

ಅವನು ಕೋಳಿ ಕೆದರಿದ ಜಾಗಕ್ಕೆ ಕೈ ಹಾಕಿದ. ಮಣ್ಣು ಹುರಿಹಿಟ್ಟಿನಂತೆ ಬೆರಳ ಸಂದಿಯಲ್ಲಿ ಉದುರಿತು. ಮೈ ಜುಮ್ಮೆಂದಿತು. ಹುಟ್ಟಿದಾಗಿಂದ ಕೋಳಿಗಳ ನಡುವೆಯೇ ಬೆಳೆದಿದ್ದ. ಒಂದನ್ನೂ ಹೀಗೆ ನೋಡಿರಲಿಲ್ಲ. ಹೊತ್ತು ನೆತ್ತಿಗೆ ಬಂದದ್ದು, ಇಳಿದದ್ದು, ಹೊಟ್ಟೆ ಹಸಿದದ್ದು ಅವನಿಗೆ ತಿಳಿಯಲೇ ಇಲ್ಲ.

ಹಿಂದೆ ನಿಂತು ಅವನನ್ನು ನೋಡುತ್ತಿದ್ದ ಗುರುಗಳು ಬಂದ ದಾರಿಯಲ್ಲೇ ಮರಳಿದರು.

ಅಂದಿನಿಂದ ಅವನು ಕೋಳಿಯ ಹಿಂದೆ ನಡೆದ. ಎಳೆಯ ಸಸಿಗೆ ಮಂಕರಿ ಮುಚ್ಚಿದ, ಬಲಿತ ಮೇಲೆ ತೆಗೆದ. ಗರಿಕೆ ಬೋಳಾಗುವ ಮೊದಲೇ ಕೋಳಿಯನ್ನು ಇನ್ನೊಂದು ಮೂಲೆಗೆ ಅಟ್ಟಿದ.

ಮಳೆಗಾಲ ಕಳೆಯಿತು. ಬೀನ್ಸ್ ಬಳ್ಳಿ ಕಾಯಿ ಭಾರಕ್ಕೆ ಜೋತುಬಿದ್ದಿತ್ತು. ಮುದ್ದಯ್ಯನವರು ಕಡುಹಸಿರು ಗರಿಕೆಯ ಮೇಲೆ ಬರಿಗಾಲಲ್ಲಿ ನಡೆದರು, ಬೇರಿನ ಬಿಗಿ ನೋಡಲು ಒಂದೆಳೆ ಜಗ್ಗಿದರು. ಅದು ಬರಲಿಲ್ಲ.

ಕಾಳಿಂಗ ಕೈ ಮುಗಿದು ನಿಂತಿದ್ದ.

"ಬುದ್ಧಿ, ಹಸಿರಾಗಿದೆ. ಆದರೆ ನನ್ನ ಕೈಯಿಂದ ಆಗಿದ್ದಲ್ಲ. ನಾನು ಬರೀ ನೋಡಿದೆ. ಇರಲಾ, ಹೋಗಲಾ?"

ಗುರುಗಳ ಕಣ್ಣು ಬೇಲಿಯ ಕಡೆ ಹೋಯಿತು. ಬೇಲಿಯ ನೆರಳಲ್ಲಿ ಕೋಳಿ ಕೊಕ್ಕು ತೆರೆದುಕೊಂಡು ನಿಂತಿತ್ತು.

"ಅದಕ್ಕೆ ಬಾಯಾರಿದೆ. ನೀರಿಟ್ಟು ಬಾ."