ನೆಲಕ್ಕೆ ಹೆದರಿದ ತಟ್ಟೆ

ಒಂದಾನೊಂದು ಊರಿತ್ತು. ಆ ಊರಿಗೆ ಒಳಗು ಇತ್ತು, ಹೊರಗು ಇರಲಿಲ್ಲ. ಬಾಗಿಲಿಗೆ ಬೆನ್ನು ಹಾಕಿ ಕೂತವರು ಸ್ವಲ್ಪ ಈಚೆ ಸರಿದುಕೊಳ್ಳಿ, ಯಾಕೆಂದು ಆಮೇಲೆ ಹೇಳುತ್ತೇನೆ.

ಆ ಊರಿಗೊಬ್ಬ ರಾಜ. ಹೆಸರು ಉದ್ದಂಡರಾಯ. ಬೇರೆ ರಾಜರಿಗೆ ಬೇಟೆಯ ಹುಚ್ಚು, ಕುದುರೆಯ ಹುಚ್ಚು, ಮದುವೆಯ ಹುಚ್ಚು. ಇವನಿಗೆ ತಟ್ಟೆ ಎಸೆಯುವ ಹುಚ್ಚು. ಊಟದ ತಟ್ಟೆಯಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡದು, ಅಂಚು ಹಿಡಿದು ಸೊಂಟ ತಿರುಗಿಸಿ ಬೀಸಿದರೆ ಗಿರ್ರನೆ ತಿರುಗುತ್ತ ಗಾಳಿಯಲ್ಲಿ ಹೋಗುವಂಥದು. ಹತ್ತಿರಕ್ಕೆ ಹತ್ತಿರದ ತಟ್ಟೆ, ನಡುವಿಗೆ ನಡುವಿನ ತಟ್ಟೆ, ದೂರಕ್ಕೆ ದೂರದ ತಟ್ಟೆ. ಮೊದಲಿನವೆರಡು ರಾಜನ ದಿನದ ಆಟಕ್ಕೆ. ದೂರದ ತಟ್ಟೆ ಮಾತ್ರ ವರ್ಷಕ್ಕೊಂದೇ ಸಲ, ಯುಗಾದಿಯ ಮಾರನೆಯ ದಿನ. ಅರಮನೆಯ ಮೆಟ್ಟಿಲ ಮೇಲೆ ನಿಂತು ರಾಜ ಅದನ್ನು ಎಸೆಯುತ್ತಿದ್ದ. ಅದು ಎಲ್ಲಿ ಬಿತ್ತೋ ಅಲ್ಲಿಗೆ ರಾಜ್ಯ ಮುಗಿಯಿತು.

ಮುಗಿಯಿತು ಅಂದರೆ ಮುಗಿಯಿತು. ಬಿದ್ದ ಜಾಗದಲ್ಲಿ ಒಂದು ಕಂಬ ನೆಡುತ್ತಿದ್ದರು. ಕಂಬಕ್ಕೆ ಒಂದು ಕಬ್ಬಿಣದ ಬುಟ್ಟಿ, ಬುಟ್ಟಿಯ ಸುತ್ತ ಇಳಿಬಿಟ್ಟ ಸರಪಳಿ. ಕಂಬದ ಈಚೆ ರಾಜ್ಯ, ಕಂಬದ ಆಚೆ ಏನೂ ಇಲ್ಲ. ಕತ್ತಲೆಯೂ ಅಲ್ಲ, ಮಂಜೂ ಅಲ್ಲ. ಈಗ ನಿಮ್ಮ ತಲೆಯ ಹಿಂದೆ ನಿಮಗೆ ಯಾವ ಬಣ್ಣ ಕಾಣುತ್ತಿದೆ ಹೇಳಿ ನೋಡೋಣ. ಅದೇ ಬಣ್ಣ. ತಿರುಗಬೇಡಿ, ತಿರುಗಿದರೆ ಅದು ಓಡಿಹೋಗುತ್ತದೆ. ಕಂಬದ ಆಚೆ ಮಾತ್ರ ಅದು ಓಡಿಹೋಗದೆ ಎದುರಿಗೇ ನಿಂತಿತ್ತು. ಗಾಳಿ ಇರದ ದಿನವೂ ಸರಪಳಿ ಝಣಝಣ ಅನ್ನುತ್ತಿತ್ತು.

ರಾಜ್ಯ ಮೊದಲು ಬಹಳ ದೊಡ್ಡದಿತ್ತಂತೆ. ಹೊಳೆ ಇತ್ತಂತೆ, ಗುಡ್ಡ ಇತ್ತಂತೆ. ರಾಜನಿಗೆ ವಯಸ್ಸಾಯಿತು, ತೋಳು ನುಗ್ಗೇಕಾಯಿಯಂತಾಯಿತು. ತಟ್ಟೆ ವರ್ಷದಿಂದ ವರ್ಷಕ್ಕೆ ಈಚೆ ಈಚೆ ಬಿತ್ತು. ಮೊದಲು ಗುಡ್ಡ ಹೋಯಿತು, ಆಮೇಲೆ ಹೊಳೆ ಹೋಯಿತು. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರೂ ಹೋದರು. ಯಾರು ಹೇಳಬೇಕು ರಾಜನಿಗೆ? ಒಬ್ಬ ಪೈಲ್ವಾನ ಹೇಳಹೋದ. "ಮಹಾರಾಜರ ತೋಳಿನ್ಯಾಗ ಒಂದೀಟು..." ಅಂದ. ಮಾತು ಮುಗಿಯುವ ಮೊದಲೇ ಅವನನ್ನು ಒಯ್ದು ಕಂಬದ ಆಚೆ ನಿಲ್ಲಿಸಿದರು. ರುಮಾಲು ಈಚೆ ಬಿದ್ದಿತ್ತು, ಅದೊಂದು ಉಳಿಯಿತು.

ಅಂದಿನಿಂದ ತಪ್ಪೆಲ್ಲ ತಟ್ಟೆಯದೇ ಆಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ. ತಟ್ಟೆ ಕಡಿಮೆ ಹೋಯಿತೆ? ಇನ್ನೂ ವೇಗದ್ದು ತರಿಸಿ. ಅದೂ ಕಡಿಮೆ ಹೋಯಿತೆ? ಇನ್ನೂ ಹರಿತ ಅಂಚಿನದು ತರಿಸಿ. ವೇಗದ ತಟ್ಟೆ ವೇಗದ ತೋಳನ್ನು ಬೇಡುತ್ತದೆ. ಅದು ಸಿಗದಿದ್ದರೆ ಸಿಟ್ಟಾಗಿ ಎಡಕ್ಕೆ ವಾಲಿ ಧೊಪ್ಪನೆ ನೆಲ ಸೇರುತ್ತದೆ. ಇದು ತಟ್ಟೆಗಳಿಗೆ ಗೊತ್ತಿತ್ತು. ಊರಿಗೂ ಗೊತ್ತಿತ್ತು. ರುಮಾಲು ನೋಡಿ ಊರು ಸುಮ್ಮನಿತ್ತು.

ಆ ತಟ್ಟೆಯನ್ನು ಆರಿಸುವವರು ಯಾರು? ಗಡಿಯ ಕಟ್ಟಕಡೆಯ ಮನೆಯವರು. ಅದು ಆ ಊರಿನ ಪದ್ಧತಿ. ಅವರಷ್ಟು ಕಾಳಜಿಯಿಂದ ಮತ್ಯಾರು ಆರಿಸುತ್ತಾರೆ ಹೇಳಿ. ಹಿಂದಿನ ವರ್ಷ ಸಿಂಪಿಗ ಫಕೀರಪ್ಪ ಆರಿಸಿದ್ದ. ಉಗ್ರಾಣದಲ್ಲಿದ್ದ ಎಲ್ಲ ತಟ್ಟೆಗಿಂತ ಹರಿತದ್ದನ್ನೇ ಆರಿಸಿ, ಯಾವುದಕ್ಕೂ ಇರಲಿ ಎಂದು ಹೊಲಿಗೆ ಯಂತ್ರ ಹೊತ್ತು ಅರಮನೆಯ ಹಿಂದೆ ಬಂದು ಕೂತಿದ್ದ. ಆದರೆ ಆ ರಾಜ್ಯದಲ್ಲಿ ಮನುಷ್ಯ ಕೂತ ಕಡೆ ಇರುತ್ತಿರಲಿಲ್ಲ, ಅವನ ಒಲೆ ಇದ್ದ ಕಡೆ ಇರುತ್ತಿದ್ದ. ಒಲೆಯನ್ನು ಕಿತ್ತು ತರೋಣವೆಂದರೆ ಕಿತ್ತ ಮೇಲೆ ಅದು ಒಲೆಯಲ್ಲ, ಬರೀ ಮಣ್ಣು. ತಟ್ಟೆ ಅವನ ಮನೆಯ ಈಚೆ ಬಿತ್ತು. ಫಕೀರಪ್ಪ ಯಂತ್ರದ ಮುಂದಿನಿಂದ ಇಲ್ಲವಾದ. ಯಂತ್ರ ಮಾತ್ರ ಸ್ವಲ್ಪ ಹೊತ್ತು ತಾನೇ ಹೊಲಿಯಿತು.

ಈ ವರ್ಷ ಕಟ್ಟಕಡೆಯ ಮನೆ ದುಂಡವ್ವನದು.

ದುಂಡವ್ವನಿಗೆ ಗಂಡ ಯಮನಪ್ಪ, ತೊಟ್ಟಿಲಲ್ಲಿ ಒಂದು ಹೆಣ್ಣುಕೂಸು. ಕಂಬ ಅವಳ ಹಿತ್ತಲಲ್ಲೇ ಇತ್ತು. ಒಂದು ದಿನ ಕೋಳಿ ಹಿತ್ತಲಿಗೆ ಹೋಗಿ ಅರ್ಧ ಕೂಗಿತು. ಉಳಿದರ್ಧ ಕೂಗು ಬರಲಿಲ್ಲ. ಕೂಸು ಹಿತ್ತಲ ಬಾಗಿಲ ಕಡೆ ನೋಡಿ ಯಾರೋ ಕರೆದ ಹಾಗೆ ನಗುತ್ತಿತ್ತು. ದುಂಡವ್ವ ಬಾಗಿಲಿಗೆ ಅಡ್ಡಲಾಗಿ ಒರಳು ಇಟ್ಟಳು, ಒರಳಿನ ಮೇಲೆ ತಾನು ಕೂತಳು. ಆಗಲೂ ಭಯ ಹೋಗಲಿಲ್ಲ. ಅನ್ನದ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಯಮನಪ್ಪ ಕೇಳಿದ, "ಯಾವ್ದ ಆರಿಸ್ತಿ?"

"ಗೊತ್ತಿಲ್ಲ."

"ಫಕೀರಪ್ಪ ಎಲ್ಲಾದಕ್ಕಿಂತ ಹರಿತದ್ದ ಆರಿಸಿದ್ದ."

"ಅದಕ್ಕ ಅಂವ ಈಗಿಲ್ಲ."

"ಹಂಗಾರ ನೀ ಅದಕ್ಕಿಂತ ಹರಿತದ್ದ ಆರಿಸು," ಅಂದ ಯಮನಪ್ಪ. ಅವನ ತಲೆ ಅಷ್ಟೇ ಓಡುತ್ತಿತ್ತು, ಪಾಪ. ಅವನು ಹೇಳಿದ್ದೂ ಊರು ಹೇಳುತ್ತಿದ್ದುದೇ.

ಯುಗಾದಿ ಕಳೆಯಿತು. ಬೆಳಗ್ಗೆ ದುಂಡವ್ವ ಉಗ್ರಾಣಕ್ಕೆ ಹೋದಳು. ಉಗ್ರಾಣ ಕಾಯುವವನು ಕಿವಿಗೆ ಹತ್ತಿ ಇಟ್ಟುಕೊಂಡು ಬಾಗಿಲು ತೆಗೆದ. ಒಳಗೆ ತಟ್ಟೆಗಳು ಮೊಳೆಗಳಿಗೆ ತೂಗುತ್ತಿದ್ದವು. ಅವು ಮಾತಾಡುತ್ತಿದ್ದವು. ರಾಜದ್ರೋಹವನ್ನೇ ಮಾತಾಡುತ್ತಿದ್ದವು, ಅದಕ್ಕೇ ಹತ್ತಿ.

ಮೊದಲನೆಯ ತಟ್ಟೆ ಕೆಂಪಗೆ, ಅಂಚು ಕುಡುಗೋಲು. "ನನ್ನ ಒಯ್ಯಿ," ಅಂದಿತು. "ನನ್ನಂಥ ವೇಗ ಯಾರಿಗೂ ಇಲ್ಲ."

"ಎಲ್ಲಿ ಬೀಳ್ತಿ?" ಅಂತ ಕೇಳಿದಳು ದುಂಡವ್ವ.

"ಬೀಳೂದು ನನ್ನ ಕೆಲಸ ಅಲ್ಲ. ಹೋಗೂದು ನನ್ನ ಕೆಲಸ."

"ಹೋದ ವರ್ಷ ಫಕೀರಪ್ಪ ಆರಿಸಿದ್ದು ನಿಮ್ಮ ಅಣ್ಣನ್ನ ಅಲ್ಲೇನು? ಅದು ಬಾಳ ಹೋಗ್ಲಿಲ್ಲ."

"ತೋಳಿದ್ರ ಹೋಗ್ತಿತ್ತು."

ಉಗ್ರಾಣದವನು ಹತ್ತಿಯನ್ನು ಇನ್ನಷ್ಟು ಒತ್ತಿಕೊಂಡ.

ಎರಡನೆಯ ತಟ್ಟೆ ಕರ್ರಗೆ, ಭಾರ. "ಯಾವ ಗಾಳಿಗೂ ನಾನು ಬಗ್ಗೂದಿಲ್ಲ," ಅಂದಿತು.

"ಎಲ್ಲಿ ಬೀಳ್ತಿ?"

"ಎಡಕ್ಕ. ಅದು ನನ್ನ ಮರ್ಯಾದಿ. ಎಸೆದವರ ಕಾಲ ಹತ್ರಾನ ಬಿದ್ರೂ ಎಡಕ್ಕ ಬೀಳ್ತೀನಿ."

ಮೂರನೆಯದಕ್ಕೆ ಬಲದ ಹುಚ್ಚು. ಬಲಕ್ಕೆ ಹೊರಳಿ, ನೆಲ ಮುಟ್ಟಿ, ಗಾಲಿಯ ಹಾಗೆ ಉರುಳುತ್ತ ಬಹಳ ದೂರ ಹೋಗುತ್ತೇನೆ ಅಂದಿತು. ಆದರೆ ನೆಲ ಮುಟ್ಟಿದ ಜಾಗಕ್ಕೇ ರಾಜ್ಯ ಮುಗಿಯುತ್ತದಲ್ಲ. ಆಮೇಲೆ ಎಷ್ಟು ಉರುಳಿದರೇನು? ದುಂಡವ್ವ ಮುಂದೆ ಹೋದಳು. ಎಲ್ಲವೂ ಬಾಯಿಬಡಾಯಿಯವೇ. ಮನೆ ಹೋಯಿತು, ಕೂಸು ಹೋಯಿತು ಅಂದುಕೊಂಡಳು. ಗೋಡೆಗೆ ಆತು ನಿಂತು ಗಡಗಡ ನಡುಗಿದಳು.

ಮೂಲೆಯಲ್ಲಿ ಇನ್ನೇನೋ ನಡುಗಿತು. ಒಂದು ತಟ್ಟೆ ಗೋಡೆಗೆ ಮುಖ ಮಾಡಿ ತೂಗುತ್ತಿತ್ತು. ಹಗುರ, ಅಂಚು ಮೊಂಡು, ಬಣ್ಣ ಮಜ್ಜಿಗೆಯದು. ಅದು ನಡುಗಿದ ರಭಸಕ್ಕೆ ಮೊಳೆ ಕಟಕಟ ಅನ್ನುತ್ತಿತ್ತು.

"ಯವ್ವಾ, ನನ್ನ ಒಯ್ಯಬ್ಯಾಡ," ಅಂದಿತು.

"ಯಾಕ?"

"ಎಸೆದ್ರ ಬೀಳಬೇಕಾಗ್ತೈತಿ. ನನಗ ನೆಲ ಅಂದ್ರ ಹೆದರಿಕಿ."

ದುಂಡವ್ವನ ನಡುಕ ನಿಂತಿತು. ಅವಳಿಗೆ ತನ್ನ ಗಂಡನ ನೆನಪಾಯಿತು. ಯಮನಪ್ಪ ಕೊಡ ಒಡೆದ ದಿನ ನೇರ ಮನೆಗೆ ಬರುತ್ತಿರಲಿಲ್ಲ. ಹೆಂಡತಿಗೆ ಹೆದರಿ ಊರೆಲ್ಲ ಸುತ್ತಿ, ಬಾವಿಕಟ್ಟೆ ಸುತ್ತಿ, ಮತ್ತೊಮ್ಮೆ ಊರು ಸುತ್ತಿ, ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಧೈರ್ಯ ಇದ್ದವರೇ ಬೇಗ ಮನೆ ಸೇರುವುದು. ಅವಳು ಆ ತಟ್ಟೆಯನ್ನು ಮೊಳೆಯಿಂದ ತೆಗೆದು ಎದೆಗೆ ಅವಚಿಕೊಂಡಳು.

ಅರಮನೆಯ ಮೆಟ್ಟಿಲ ಮೇಲೆ ರಾಜ ತೋಳೇರಿಸಿ ನಿಂತಿದ್ದ. ಕೆಳಗೆ ಊರೆಲ್ಲ ಸೇರಿತ್ತು. ಕಂಬ ಹೊರುವ ಇಬ್ಬರು ದುಂಡವ್ವನ ಹಿತ್ತಲಿನಿಂದ ಕಂಬ ಕಿತ್ತು ತಂದು ಹೆಗಲಿಗೇರಿಸಿ ಕಾಯುತ್ತಿದ್ದರು.

ರಾಜ ತಟ್ಟೆ ನೋಡಿದ. "ಏನಿದು? ಅಂಚೇ ಇಲ್ಲ. ನಮ್ಮ ತೋಳಿಗೆ ಇಂಥದ್ದೆ?"

ಎಲ್ಲರಿಗೂ ರುಮಾಲು ನೆನಪಾಯಿತು. ದುಂಡವ್ವ ಮೆಟ್ಟಿಲು ಹತ್ತಿ ತಟ್ಟೆಯನ್ನು ಮುಂದೆ ಚಾಚಿದಳು. ಕೈಯಲ್ಲಿ ತಟ್ಟೆ ನಡುಗುತ್ತಲೇ ಇತ್ತು.

"ಯಾಕೆ ನಡುಗುತ್ತಿದೆ ಅದು?"

"ತಮ್ಮ ತೋಳು ನೋಡಿ ನಡುಗಾಕತ್ತೈತ್ರಿ, ಮಹಾರಾಜರ," ಅಂದಳು ದುಂಡವ್ವ. "ಬ್ಯಾರೆ ಯಾವ ತಟ್ಟಿಗೂ ತಮ್ಮ ತೋಳಿನ ಬೆಲೆ ಗೊತ್ತಿಲ್ಲ. ಇದಕ್ಕೊಂದ ಗೊತ್ತೈತಿ."

ತಟ್ಟೆ, "ತೋಳಿಗಲ್ಲ, ನಾ ಹೆದರೂದು..." ಅನ್ನತೊಡಗಿತು. ದುಂಡವ್ವ ಹೆಬ್ಬೆರಳು ಮೇಲಿಟ್ಟು ಉಳಿದ ಬೆರಳು ಕೆಳಗಿಟ್ಟು ಅದರ ಬಾಯಿ ಒತ್ತಿದಳು. ರಾಜ ಮೀಸೆ ತಿರುವಿದ. "ಹೆದರುವುದು ಸರಿಯೇ," ಅಂದ. ಹೆಬ್ಬೆರಳು ಮೇಲಿಟ್ಟು, ಉಳಿದ ಬೆರಳು ಕೆಳಗಿಟ್ಟು, ತಟ್ಟೆ ಹಿಡಿದು, ಸೊಂಟ ತಿರುಗಿಸಿ ಬೀಸಿದ.

ತಟ್ಟೆ ಹೊರಟಿತು. ಹೊರಟಿತು ಅಂದರೆ ಎಷ್ಟೋ ಮೆಲ್ಲಗೆ ಹೊರಟಿತು. ಅಂಗಡಿಬೀದಿ ದಾಟಲಿಲ್ಲ, ಆಗಲೇ ಇಳಿಯತೊಡಗಿತು. ಅದು ಇಳಿದಂತೆ ಊರಿನ ಆ ತುದಿ ತೆಳ್ಳಗಾಗತೊಡಗಿತು. ದುಂಡವ್ವ ಮೆಟ್ಟಿಲ ಮೇಲಿಂದ ನೋಡಿದಳು. ತನ್ನ ಮನೆಯ ಹಂಚು ತೆಳ್ಳಗಾದವು, ಗೋಡೆ ತೆಳ್ಳಗಾಯಿತು. ಗೋಡೆಯೊಳಗಿಂದ ತೊಟ್ಟಿಲು ಕಂಡಿತು. ಆಮೇಲೆ ತೊಟ್ಟಿಲೊಳಗಿಂದ ಕೂಸು ಕಂಡಿತು. ಆಮೇಲೆ ಕೂಸಿನೊಳಗಿಂದ ಆ ಬಣ್ಣ ಕಂಡಿತು.

ದುಂಡವ್ವ ಓಡಿದಳು. ತಟ್ಟೆಯ ಕೆಳಗೇ ಓಡುತ್ತ ಕೂಗಿದಳು, "ಕೆಳಗ ಮುಳ್ಳ ಅದಾವ."

ತಟ್ಟೆ ಬೆಚ್ಚಿ ಮೊಳದಷ್ಟು ಮೇಲೆ ಹೋಯಿತು.

"ಕಲ್ಲ ಅದಾವ."

ಮಾರಿನಷ್ಟು ಮೇಲೆ ಹೋಯಿತು.

"ಎಮ್ಮಿ ಐತಿ, ಸಗಣಿ ಐತಿ, ಇರುವಿ ಗೂಡೈತಿ. ನೆಲಾ ಬಾಯಿ ತಗದ ಕಾಯಾಕತ್ತೈತಿ."

ತಟ್ಟೆ ಹೋ ಎಂದು ಅಳುತ್ತ ಮೇಲೇರಿತು. ದುಂಡವ್ವನ ಮನೆ ದಾಟಿತು, ಹಿತ್ತಲು ದಾಟಿತು, ಆಚೆಯ ಮೇಲೇ ಹಾರಿತು. ಅದರ ನೆರಳು ಬಿದ್ದಲ್ಲೆಲ್ಲ ನೆಲ ಮರಳಿ ಬಂತು. ಕೋಳಿ ಉಳಿದರ್ಧ ಕೂಗು ಕೂಗಿತು. ಫಕೀರಪ್ಪ ಸೂಜಿ ಹಿಡಿದು ತನ್ನ ಮನೆಯ ಕಟ್ಟೆಯ ಮೇಲೆ ಕಂಡ. "ನನ್ನ ಯಂತ್ರ ಎಲ್ಲೈತಿ?" ಅಂದ. ಹೊಳೆ ಬಂತು, ಒಗೆಯುವವರು ಬಂದರು, ಗುಡ್ಡ ಬಂತು. ಪೈಲ್ವಾನ ಬರಿದಲೆಯಲ್ಲಿ ಬಂದು "...ಕಸುವು ಕಡಿಮಿ ಆಗೇತಿ" ಎಂದು ಮಾತು ಮುಗಿಸಿದ. ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ, ಅವನ ಪುಣ್ಯ.

ಕಂಬ ಹೊತ್ತ ಇಬ್ಬರು ತಟ್ಟೆ ಬಿದ್ದಲ್ಲಿ ನೆಡಬೇಕೆಂದು ಅದರ ಹಿಂದೆ ಹೋದರು. ಇನ್ನೂ ಹೋಗುತ್ತಿದ್ದಾರೆ.

ಇಲ್ಲಿಗೆ ಮುಗಿದಿದ್ದರೆ ನಾನೂ ಎದ್ದು ಹೋಗಿ ಮಲಗುತ್ತಿದ್ದೆ, ನೀವೂ ಮಲಗುತ್ತಿದ್ದಿರಿ. ಮುಗಿಯಲಿಲ್ಲ.

ಸಂಜೆ ಊರಿಗೆ ಊರೇ ಅಂಗಳದಲ್ಲಿ ಹೋಳಿಗೆ ತಿನ್ನುತ್ತಿತ್ತು. ದುಂಡವ್ವ ಕೂಸನ್ನು ಎತ್ತಿಕೊಂಡು ಅರಮನೆಯ ಮುಂದೆ ನಿಂತಿದ್ದಳು. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡಿದ್ದಳು. ಆಗ ಅರಮನೆಯ ಹಿಂದಿನಿಂದ ಗಿರ್ರೆಂದು ಸದ್ದು ಬಂತು. ಹೋದ ದಿಕ್ಕು ಬಿಟ್ಟು ಎದುರು ದಿಕ್ಕಿನಿಂದ ತಟ್ಟೆ ಬರುತ್ತಿತ್ತು. ಭೂಮಿಯನ್ನೆಲ್ಲ ಸುತ್ತಿ, ಇಳಿಯಲು ಹೆದರಿ, ನಡುಗುತ್ತ ಬರುತ್ತಿತ್ತು.

ಜನ ಚಪ್ಪಾಳೆ ತಟ್ಟಿದರು. "ಭೇಷ್ ಭೇಷ್, ಎಂಥಾ ಗಟ್ಟಿಗ," ಅಂದರು.

ತಟ್ಟೆಗೆ ಖುಷಿಯಾಯಿತು. ಹುಟ್ಟಿದಾಗಿನಿಂದ ಯಾರೂ ಅದನ್ನು ಗಟ್ಟಿಗ ಅಂದಿರಲಿಲ್ಲ. ಅದರ ನಡುಕ ನಿಂತಿತು. ಧೈರ್ಯ ಬಂತು. ಧೈರ್ಯ ಬಂದದ್ದೇ ತಡ, ಇಳಿಯತೊಡಗಿತು. ಅರಮನೆಯ ಮೆಟ್ಟಿಲ ಬುಡಕ್ಕೇ ಇಳಿಯತೊಡಗಿತು. ಅಲ್ಲಿ ಬಿದ್ದರೆ ಅಲ್ಲಿಗೇ ರಾಜ್ಯ ಮುಗಿಯಿತು. ಗುಡ್ಡ ತೆಳ್ಳಗಾಯಿತು, ಹೊಳೆ ತೆಳ್ಳಗಾಯಿತು. ಹೋಳಿಗೆ ತಿನ್ನುವವರ ಕೈಯೊಳಗಿಂದ ಹೋಳಿಗೆ ಕಂಡಿತು.

"ಮುಳ್ಳ ಅದಾವ," ಎಂದು ದುಂಡವ್ವ ಕೂಗಿದಳು.

"ಸುಳ್ಳ," ಅಂದಿತು ತಟ್ಟೆ. "ಮುಂಜಾನೆ ನಿನ್ನ ದನಿಯೊಳಗ ಹೆದರಿಕಿ ಇತ್ತು. ಈಗ ಇಲ್ಲ. ನಿನಗ ಇಲ್ಲಂದ್ರ ನನಗ್ಯಾಕ?"

ನಿಜವೇ. ಕೂಸು ಬೆಚ್ಚಗೆ ಅವಳ ತೋಳಿನಲ್ಲಿತ್ತು, ಹೊಟ್ಟೆ ತುಂಬಿತ್ತು, ಮನೆ ಉಳಿದಿತ್ತು. ಯಾಕೆ ಹೆದರಬೇಕು? ತಟ್ಟೆ ಮಂಡಿಯ ಮಟ್ಟಕ್ಕೆ ಬಂತು. ದುಂಡವ್ವ ಕೂಸಿನ ಮುಖ ನೋಡಿದಳು. ನೋಡುತ್ತಲೇ, ಇದು ಇಲ್ಲ ಎಂದುಕೊಂಡಳು. ತೊಟ್ಟಿಲು ಖಾಲಿ ಎಂದುಕೊಂಡಳು. ಹೆಸರಿಟ್ಟ ಕೂಸಿನ ಹೆಸರು ತನಗೇ ನೆನಪಿಲ್ಲ ಎಂದುಕೊಂಡಳು. ಅವಳ ಗಂಟಲಿನಿಂದ ಬಂದ ಕೂಗಿನಲ್ಲಿ ಮುಳ್ಳೂ ಇರಲಿಲ್ಲ, ಕಲ್ಲೂ ಇರಲಿಲ್ಲ, ಮಾತೇ ಇರಲಿಲ್ಲ. ಅದನ್ನು ಕೇಳಿ ತಟ್ಟೆ ಚೀರಿ ಆಕಾಶಕ್ಕೆ ನೆಗೆಯಿತು.

ಮಾರನೆಯ ಸಂಜೆ ಅದು ಮತ್ತೆ ಬಂತು. ಅದರ ಮಾರನೆಯ ಸಂಜೆಯೂ ಬಂತು. ತಟ್ಟೆಗೆ ಪರಿಚಯದ ದನಿ ಒಂದೇ. ಅದಕ್ಕೇ ದಿನಾ ಸಂಜೆ ದುಂಡವ್ವ ಮಾಳಿಗೆ ಹತ್ತಿ ನಿಲ್ಲುತ್ತಿದ್ದಳು, ದಿನಾ ಕೂಸನ್ನು ಮನಸ್ಸಿನಲ್ಲಿ ಕಳೆದುಕೊಳ್ಳುತ್ತಿದ್ದಳು, ದಿನಾ ಕೂಗುತ್ತಿದ್ದಳು. ಮೊದಮೊದಲು ಜನ ಕೃತಜ್ಞತೆಯಿಂದ ಕೈಮುಗಿದರು. ಆಮೇಲೆ, ಪಾಪ ತಲೆ ಕೆಟ್ಟಿದೆ ಅಂದರು. ಕಂಬ ಇಲ್ಲ, ಸರಪಳಿ ಇಲ್ಲ, ಆಚೆ ಅಂದರೇನೆಂದೇ ಊರಿಗೆ ಮರೆತುಹೋಯಿತು. ಎಸೆದದ್ದು ಇನ್ನೂ ಬಿದ್ದಿಲ್ಲವಲ್ಲ, ಮತ್ತೆ ಎಸೆಯುವ ಮಾತೇ ಬರಲಿಲ್ಲ. ರಾಜ ತನ್ನ ತೋಳಿಗೊಂದು ಗುಡಿ ಕಟ್ಟಿಸಿದ.

ಕೂಸು ಬೆಳೆದು ಲಂಗ ಉಡುವಷ್ಟಾಯಿತು. ಒಂದು ಸಂಜೆ ತಾನೂ ಮಾಳಿಗೆ ಹತ್ತಿ ಅವ್ವನ ಸೆರಗು ಹಿಡಿದು ಕೇಳಿತು, "ಯವ್ವಾ, ಮನ್ಯಾಗ ಎಲ್ಲಾ ಆರಾಮ ಐತಿ. ಅಪ್ಪ ಅದಾನ, ನಾ ಅದೀನಿ. ನೀ ಯಾಕ ದಿನಾ ಇಷ್ಟ ಹೆದರ್ತಿ?"

ಅರಮನೆಯ ಹಿಂದಿನಿಂದ ಗಿರ್ರೆಂದು ಸದ್ದು ಬರುತ್ತಿತ್ತು. ದುಂಡವ್ವ ಮಗಳ ಬಾಯಿಗೆ ಕೈ ಅಡ್ಡ ಇಟ್ಟಳು.

"ಸುಮ್ಮನಿರು," ಅಂದಳು. "ಅದಕ್ಕ ಕೇಳೀತು."

ಇದಿಷ್ಟು ಕತೆ. ದೂರದ ತಟ್ಟೆ ಆರಿಸುವವರು ವೇಗ ನೋಡಬೇಡಿ, ಹರಿತ ನೋಡಬೇಡಿ, ಯಾವುದು ನಡುಗುತ್ತದೋ ಅದನ್ನು ಆರಿಸಿ. ಸಂಜೆ ಹೊತ್ತು ತಲೆಯ ಮೇಲೆ ದುಂಡಗಿನದೇನಾದರೂ ಹಾದುಹೋದರೆ ಚಪ್ಪಾಳೆ ತಟ್ಟಬೇಡಿ, ಕೆಳಗೆ ಮುಳ್ಳಿದೆ ಅನ್ನಿ. ಹೇಳಿದ ನಾನು ಈಚೆ, ಕೇಳಿದ ನೀವು ಈಚೆ, ನಮ್ಮ ನಿಮ್ಮ ಒಲೆಗಳೂ ಈಚೆಯೇ ಇರಲಿ.